ಪರದೇಶಿ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನು ಎಂಬುದು ಒಂದು. ದಿಕ್ಕಿಲ್ಲದವನು, ತನ್ನವರೆಂಬುವರು ಯಾರೂ ಇಲ್ಲದವನು ಎಂಬುದು ಇನ್ನೊಂದು. ಹೆತ್ತವರನ್ನು ಕಳೆದುಕೊಂಡ ಮಗುವನ್ನು ಕಂಡು ‘ಪಾಪ, ಪರದೇಶಿ’ ಎಂದು ಹಳ್ಳಿಯ ಮುದುಕಿಯರು ಮರುಗುವುದನ್ನು ನೀವು ಕೇಳಿರಬಹುದು. ಆ ಮಗು ಹುಟ್ಟಿದೂರನ್ನು ಬಿಟ್ಟು ಎಲ್ಲಿಗೂ ಹೋಗಿರುವುದಿಲ್ಲ. ಆದರೂ ಅದನ್ನು ಹಾಗೆ ಕರೆಯುತ್ತೇವೆ. ತನ್ನ ಜನ, ತನ್ನ ನುಡಿ, ತನ್ನ ನೆಲ ಇವುಗಳಿಂದ ದೂರವಾದವನು ಎಷ್ಟು ಅಸಹಾಯಕನೆಂಬುದನ್ನು ನಮ್ಮ ಹಿರಿಯರು ಈ ಒಂದೇ ಮಾತಿನಲ್ಲಿ ಅಡಗಿಸಿಟ್ಟಿದ್ದಾರೆ. ಜಪಾನೀ ಭಾಷೆಯಲ್ಲಿ ಪರದೇಶದವನನ್ನು ‘ಗೈಕೊಕುಜಿನ್’ ಎನ್ನುತ್ತಾರೆ. ‘ಹೊರನಾಡಿನ ಮನುಷ್ಯ’ ಎಂದು ಅದರ ಅರ್ಥ. ಆಡುಮಾತಿನಲ್ಲಿ ‘ಗೈಜಿನ್’ ಎಂಬ ಇನ್ನೂ ಚಿಕ್ಕ ಮಾತು ಬಳಕೆಯಲ್ಲಿದೆ. ಅದರಲ್ಲಿ ನಾಡಿನ ಹೆಸರೂ ಇಲ್ಲ; ‘ಹೊರಗಿನ ಮನುಷ್ಯ’, ಅಷ್ಟೇ.

ಜಪಾನಿನ ಮಾತು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗೆ ಹೊಸದಲ್ಲ. ಈ ಸೀಮೆಯನ್ನು ಸಾಕಿದ್ದು ಹಿಪ್ಪುನೇರಳೆಯ ಎಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟವೊಂದನ್ನು ತೆರೆದು, ಹುಳು ಸಾಕುವ ಮತ್ತು ನೂಲು ಬಿಚ್ಚುವ ಹೊಸ ಕ್ರಮಗಳನ್ನು ಕಲಿಸಲು ಜಪಾನಿನಿಂದ ತಜ್ಞರನ್ನು ಕರೆಸಿದರು. ನೂರು ವರ್ಷಗಳ ತರುವಾಯ, 1991ರಿಂದ 2007ರವರೆಗೆ, ಜಪಾನಿನ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ವಿಜ್ಞಾನಿಗಳೊಡನೆ ದುಡಿದರು. ಇಂದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹಳದಿ ಗೂಡುಗಳ ಪಕ್ಕದಲ್ಲಿ ಕಾಣುವ ಬಿಳಿಯ ದ್ವಿತಳಿ ಗೂಡುಗಳ ಹಿಂದೆ ಆ ದುಡಿಮೆಯಿದೆ. ಚನ್ನಪಟ್ಟಣದವರು ತಮ್ಮ ಬೊಂಬೆಗಳ ಮಾತು ಬಂದಾಗ ಬಾವಾಸ್ ಮಿಯಾನ್ ಅವರನ್ನು ನೆನೆಯುತ್ತಾರೆ. ಜಪಾನಿನ ಬೊಂಬೆ ಕೆಲಸದ ವಿಧಾನಗಳನ್ನು ಅವರು ಇಲ್ಲಿಗೆ ತಂದರೆಂದು ಹೇಳುವುದುಂಟು. 1997ರಲ್ಲಿ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಗೆ ನಾಂದಿಯಾಗಿ, 1999ರ ಕೊನೆಯಲ್ಲಿ ಅಲ್ಲಿಂದ ಮೋಟಾರು ಗಾಡಿಗಳು ಹೊರಬರತೊಡಗಿದವು.

ಆದರೆ ಕಲಿಸಲು ಬಂದವರೆಲ್ಲ ಒಮ್ಮೆ ಕಲಿತವರೇ. ಜಪಾನಿಗೆ ರೇಷ್ಮೆಯ ಯಂತ್ರವಿದ್ಯೆಯನ್ನು ಹೇಳಿಕೊಟ್ಟವರು ಫ್ರಾನ್ಸಿನವರು. 1872ರಲ್ಲಿ ತೊಮಿಯೋಕ ಎಂಬ ಊರಿನಲ್ಲಿ ಅಲ್ಲಿನ ಸರ್ಕಾರ ನೂಲು ಬಿಚ್ಚುವ ದೊಡ್ಡ ಗಿರಣಿಯನ್ನು ಕಟ್ಟಿಸಿ, ಪೋಲ್ ಬ್ರೂನಾ ಎಂಬ ಫ್ರೆಂಚ್ ತಜ್ಞನನ್ನೂ ಅವನೊಡನೆ ಕೆಲಸ ಬಲ್ಲ ಫ್ರೆಂಚ್ ಹೆಂಗಸರನ್ನೂ ನೇಮಿಸಿತು. ಗಿರಣಿ ಸಿದ್ಧವಾಯಿತು, ಕಲಿಯಲು ಹುಡುಗಿಯರು ಮಾತ್ರ ಬರಲಿಲ್ಲ. ಕಾರಣವೇನೆಂದರೆ, ಫ್ರೆಂಚರು ಊಟದ ಜೊತೆಗೆ ಕುಡಿಯುತ್ತಿದ್ದ ಕೆಂಪು ದ್ರಾಕ್ಷಾರಸವನ್ನು ಕಂಡ ಜನರು, ಅವರು ಮನುಷ್ಯರ ರಕ್ತ ಹೀರುವವರೆಂದು ನಂಬಿಬಿಟ್ಟಿದ್ದರು! ಗಿರಣಿಯ ಮೇಲಧಿಕಾರಿ ಒದಾಕ ಅತ್ಸುತದ ವಾದ ಮಾಡುತ್ತ ಕೂರಲಿಲ್ಲ. ತನ್ನ ಮಗಳು ಯೂ ಎಂಬಾಕೆಯನ್ನೇ ಮೊದಲ ಕೆಲಸಗಾರ್ತಿಯಾಗಿ ಸೇರಿಸಿದನು. ಆಕೆ ನಿಮ್ಮ ವಯಸ್ಸಿನವಳು. ಆ ಬಳಿಕ ದೂರದೂರದ ಪ್ರಾಂತಗಳಿಂದ ಹುಡುಗಿಯರು ಬಂದರು. ಅವರಲ್ಲೊಬ್ಬಳಾದ ವಾದಾ ಏಯಿ ಕೆಲಸ ಕಲಿತು ತನ್ನೂರಿಗೆ ಮರಳಿ, ಅಲ್ಲಿ ಹೊಸದಾಗಿ ತೆರೆದ ಗಿರಣಿಯಲ್ಲಿ ಇತರರಿಗೆ ಕಲಿಸಿದಳು. ಮುಂದೆ ಆ ದಿನಗಳ ನೆನಪುಗಳನ್ನೂ ಬರೆದಿಟ್ಟಳು. ಕೆಲವೇ ವರ್ಷಗಳಲ್ಲಿ ಫ್ರೆಂಚರ ಕರಾರು ಮುಗಿಯಿತು, ವಿದ್ಯೆ ಉಳಿಯಿತು. ರಕ್ತದ ಗಾಳಿಮಾತಿಗೆ ನಗುವುದು ಸುಲಭ. ನಮ್ಮೂರಿಗೆ ಹೊಸಬರು ಬಂದಾಗ, ಅವರ ಊಟದ ತಟ್ಟೆಯ ಬಗ್ಗೆ ನಮ್ಮಲ್ಲಿ ಏಳುವ ಮಾತುಗಳೇನು ಕಡಿಮೆಯೇ?

ಜಪಾನೀಯರ ಶಿಸ್ತನ್ನು ಹೊಗಳಿ ಭಾಷಣ ಮಾಡುವುದು ನಮ್ಮಲ್ಲೊಂದು ವಾಡಿಕೆ. ಆ ಶಿಸ್ತು ಎಲ್ಲಿಂದ ಬಂತೆಂದು ಹೇಳುವವರು ಕಡಿಮೆ. ಟೊಯೋಟಾ ಮನೆತನದ ಮೂಲಪುರುಷ ಸಾಕಿಚಿ ತೊಯೋದ ಮೋಟಾರು ಮಾಡಿದವನಲ್ಲ, ಮಗ್ಗ ಮಾಡಿದವನು. 1924ರಲ್ಲಿ ಪೂರ್ಣಗೊಂಡ ಅವನ ಸ್ವಯಂಚಾಲಿತ ಮಗ್ಗದಲ್ಲಿ ಒಂದು ಎಳೆ ಹರಿದರೆ ಸಾಕು, ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಹರಿದ ಎಳೆಯೊಡನೆ ಗಜಗಟ್ಟಲೆ ಬಟ್ಟೆ ನೆಯ್ದು ಆಮೇಲೆ ಪೇಚಾಡುವುದಕ್ಕಿಂತ ಆ ಕ್ಷಣದಲ್ಲಿ ನಿಲ್ಲಿಸುವುದು ಮೇಲೆಂಬುದು ಅದರ ತತ್ತ್ವ. ಅದೇ ತತ್ತ್ವ ಮೋಟಾರು ಕಾರ್ಖಾನೆಗೂ ಬಂದಿತು. ತಪ್ಪನ್ನು ಕಂಡ ಕೆಲಸಗಾರನು, ಅವನೆಷ್ಟೇ ಕಿರಿಯನಾಗಿರಲಿ, ಹಗ್ಗವನ್ನೆಳೆದು ಮೇಲಿನವರನ್ನು ಕರೆಯಬಹುದು. ಕೂಡಲೇ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಹಿರಿಯರೆದುರು ಬಾಯಿ ತೆರೆಯಬಾರದೆಂದು ಕಲಿತು ಬಂದ ಹಳ್ಳಿಯ ಹುಡುಗನಿಗೆ ಹಗ್ಗವೆಳೆಯುವ ಧೈರ್ಯ ಒಂದು ದಿನದಲ್ಲಿ ಬರುವುದಿಲ್ಲ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯು ಹತ್ತನೆಯ ತರಗತಿ ಮುಗಿಸಿದ, ಹೆಚ್ಚಾಗಿ ಬಡ ಗ್ರಾಮೀಣ ಕುಟುಂಬಗಳ ಮಕ್ಕಳನ್ನು ಆರಿಸಿಕೊಂಡು, ಮೂರು ವರ್ಷ ಅಲ್ಲಿಯೇ ಇರಿಸಿಕೊಂಡು ಕಲಿಸುತ್ತದೆ. ಈಚೆಗೆ ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ.

ಇಂಥ ತರಬೇತಿ ಪಡೆದವನೊಬ್ಬನು, ಅಥವಾ ದಾದಿಯ ಕೆಲಸ ಕಲಿತ ಹುಡುಗಿಯೊಬ್ಬಳು ಜಪಾನಿಗೇ ಹೋಗುವುದಾದರೆ ಅಲ್ಲಿ ಏನನ್ನು ಎದುರಿಸಬೇಕಾದೀತು? ಮೊದಲನೆಯದು ಭಾಷೆ. ಕನ್ನಡಿಗನಿಗೆ ಇಲ್ಲೊಂದು ಅನುಕೂಲವಿದೆ. ‘ನಾನು ಶಾಲೆಗೆ ಹೋಗುತ್ತೇನೆ’ ಎಂಬುದನ್ನು ಜಪಾನಿನವರು ‘ವಾತಾಶಿ ವಾ ಗಾಕ್ಕೋ ನಿ ಇಕಿಮಾಸು’ ಎನ್ನುತ್ತಾರೆ. ‘ಗಾಕ್ಕೋ’ ಎಂದರೆ ಶಾಲೆ, ‘ನಿ’ ಎಂಬುದು ನಮ್ಮ ‘ಗೆ’ಯಂತೆ ನಾಮಪದದ ಹಿಂದೆ ನಿಂತಿದೆ, ಕ್ರಿಯಾಪದ ಕೊನೆಗೆ ಬಂದಿದೆ. ಪದದ ಜಾಗದಲ್ಲಿ ಪದವನ್ನಿಟ್ಟರೆ ವಾಕ್ಯವೇ ಸಿದ್ಧವಾಗುತ್ತದೆ. ಅವರ ಅಕ್ಷರಮಾಲೆಯ ಸಾಲುಗಳು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತವೆ. ಬೌದ್ಧ ಭಿಕ್ಷುಗಳ ಸಂಸ್ಕೃತ ಅಧ್ಯಯನದೊಡನೆ ನಮ್ಮ ವರ್ಣಮಾಲೆಯ ಕ್ರಮ ಚೀನಾದ ಮಾರ್ಗವಾಗಿ ಅಲ್ಲಿಗೆ ತಲುಪಿದುದರ ಗುರುತು ಇದು. ಆದರೆ ಈ ಸಂತೋಷ ಬಹುಕಾಲ ನಿಲ್ಲದು. ನಮ್ಮ ವರ್ಣಮಾಲೆಯಂತೆ ಉಚ್ಚಾರಕ್ಕೆ ತಕ್ಕ ಎರಡು ಲಿಪಿಗಳಲ್ಲದೆ, ಚೀನೀ ಮೂಲದ ‘ಕಾಂಜಿ’ ಅಕ್ಷರಗಳನ್ನೂ ಕಲಿಯಬೇಕು. ನಿತ್ಯ ಬಳಕೆಗೆಂದು ಸರ್ಕಾರ ಗೊತ್ತುಮಾಡಿರುವ ಕಾಂಜಿಗಳೇ 2136. ಪ್ರಾಥಮಿಕ ಶಾಲೆಯ ಮಗು ಆರು ವರ್ಷಗಳಲ್ಲಿ 1026 ಕಾಂಜಿಗಳನ್ನು ಕಲಿಯುತ್ತದೆ. ಮಾತು ಬಲ್ಲ ಪರದೇಶಿಯೂ ಔಷಧದ ಚೀಟಿಯೆದುರು, ಬಾಡಿಗೆಯ ಕರಾರಿನೆದುರು ಅನಕ್ಷರಸ್ಥನಾಗಿ ನಿಲ್ಲುತ್ತಾನೆ.

ಎರಡನೆಯದು ಕೆಲಸದ ಕಟ್ಟಳೆ. 2024ರ ಕೊನೆಯಲ್ಲಿ ಜಪಾನಿನಲ್ಲಿ ನೆಲೆಸಿದ್ದ ಪರದೇಶದವರ ಸಂಖ್ಯೆ 37 ಲಕ್ಷವನ್ನು ಮೀರಿತ್ತು. ಅವರಲ್ಲಿ ಭಾರತೀಯರು 50 ಸಾವಿರಕ್ಕೂ ಹೆಚ್ಚು. ಅಲ್ಲಿ ಮಕ್ಕಳು ಹುಟ್ಟುವುದು ಕಡಿಮೆಯಾಗಿ ಮುದುಕರ ಸಂಖ್ಯೆ ಬೆಳೆದಿದೆ; ಕೈಗಳು ಬೇಕಾಗಿವೆ. 1993ರಲ್ಲಿ ಆರಂಭವಾದ ತಾಂತ್ರಿಕ ತರಬೇತಿ ಯೋಜನೆಯು ಹೆಸರಿಗೆ ಕಲಿಕೆಯಾದರೂ ಬಹುಮಟ್ಟಿಗೆ ದುಡಿಮೆಯೇ ಆಗಿತ್ತು. ತರಬೇತಿಯವನು ತನ್ನ ಒಡೆಯನನ್ನು ಸಾಮಾನ್ಯವಾಗಿ ಬದಲಿಸುವಂತಿರಲಿಲ್ಲ. ಊರಿನಲ್ಲಿ ಸಾಲ ಮಾಡಿ ಬಂದವನು, ಭಾಷೆ ಬಾರದವನು, ಒಡೆಯನು ಕೆಟ್ಟವನಾದರೆ ಎಲ್ಲಿಗೆ ಹೋಗಬೇಕು? 2023ರ ಒಂದೇ ವರ್ಷದಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿದ ತರಬೇತಿಯವರು ಕೆಲಸದ ಜಾಗದಿಂದ ಕಣ್ಮರೆಯಾದರು. ಹಗ್ಗವೆಳೆದು ಸಾಲನ್ನು ನಿಲ್ಲಿಸುವ ಅಧಿಕಾರವನ್ನು ಕೆಲಸಗಾರನಿಗೆ ಕೊಟ್ಟ ದೇಶವು ಈ ಸಾಲನ್ನು ನಿಲ್ಲಿಸಲು ಮೂವತ್ತು ವರ್ಷ ತೆಗೆದುಕೊಂಡಿತೆನ್ನಬೇಕು. 2024ರಲ್ಲಿ ಅಲ್ಲಿನ ಸಂಸತ್ತು ಆ ಯೋಜನೆಯನ್ನು ತೆಗೆದುಹಾಕಿ, ಕೆಲವು ನಿಬಂಧನೆಗಳ ಮೇಲೆ ಒಡೆಯನನ್ನು ಬದಲಿಸಲು ಎಡೆಯಿರುವ ಹೊಸ ವ್ಯವಸ್ಥೆಯನ್ನು 2027ರಿಂದ ತರುವ ಕಾಯಿದೆಯನ್ನು ಅಂಗೀಕರಿಸಿತು. ಇದಲ್ಲದೆ 2019ರಿಂದ, ಕೌಶಲ ಹಾಗೂ ಭಾಷೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಬೇರೊಂದು ಪರವಾನಗಿಯುಂಟು. 2021ರಲ್ಲಿ ಭಾರತವೂ ಇದಕ್ಕೆ ಒಪ್ಪಂದ ಮಾಡಿಕೊಂಡಿತು. ಅದರ ಮೊದಲ ಮೆಟ್ಟಿಲಿನಲ್ಲಿ ಸಾಮಾನ್ಯವಾಗಿ ಐದು ವರ್ಷ ಇರಬಹುದು, ಆದರೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಐದು ವರ್ಷವೆಂದರೆ ತೊಟ್ಟಿಲ ಕೂಸು ಶಾಲೆಗೆ ಹೋಗುವಷ್ಟು ಕಾಲ.

ಸಂಸಾರ ಸಮೇತರಾಗಿ ಹೋಗಬಲ್ಲ ಗಣಕಯಂತ್ರದ ಕೆಲಸಗಾರರಿಗೆ ಬೇರೆ ಚಿಂತೆ. ಟೋಕಿಯೋದ ನಿಶಿಕಸಾಯಿ ಎಂಬಲ್ಲಿ ಭಾರತೀಯರ ದೊಡ್ಡ ನೆಲೆಯೇ ಇದೆ. ನಗರದಲ್ಲಿ ಭಾರತೀಯ ಶಾಲೆಗಳೂ ಇವೆ. ಮಗುವನ್ನು ಅಲ್ಲಿಗೆ ಕಳುಹಿಸಿದರೆ ಜಪಾನೀ ಭಾಷೆ ದೂರ. ಜಪಾನೀ ಶಾಲೆಗೆ ಕಳುಹಿಸಿದರೆ ಕನ್ನಡ ದೂರ. ಜಪಾನೀ ಶಾಲೆಯಲ್ಲಿ ಮಕ್ಕಳೇ ತರಗತಿಯ ನೆಲ ಒರೆಸುತ್ತಾರೆ, ಸರದಿಯ ಮೇಲೆ ಊಟ ಬಡಿಸುತ್ತಾರೆ. ಎಲ್ಲರಿಗೂ ಒಂದೇ ಅಡುಗೆ. ಸಸ್ಯಾಹಾರಿಯ ಮಗು ಬುತ್ತಿಯನ್ನು ಕೊಂಡೊಯ್ಯಬೇಕಾಗುತ್ತದೆ. ಒಂಬತ್ತು ವರ್ಷಗಳ ಶಿಕ್ಷಣವು ಜಪಾನೀ ಮಕ್ಕಳಿಗೆ ಕಡ್ಡಾಯ. ಪರದೇಶದವರ ಮಕ್ಕಳು ಕೇಳಿಕೊಂಡರೆ ಶುಲ್ಕವಿಲ್ಲದೆ ಸೇರಿಸಿಕೊಳ್ಳುತ್ತಾರೆ, ಆದರೆ ಅವರಿಗೆ ಕಡ್ಡಾಯವಲ್ಲ. ಇದರ ಫಲವೇನೆಂದು 2019ರಲ್ಲಿ ಶಿಕ್ಷಣ ಸಚಿವಾಲಯವು ದೇಶದಾದ್ಯಂತ ಮೊದಲ ಬಾರಿಗೆ ಲೆಕ್ಕ ತೆಗೆದಾಗ ತಿಳಿಯಿತು: ಸುಮಾರು 20 ಸಾವಿರ ಮಕ್ಕಳು ಶಾಲೆಯ ಹೊರಗಿರುವ ಸಂಭವವಿತ್ತು. ಬಿಡದಿಯ ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ದುಡಿಯಲು ಬಂದವರ ಮಕ್ಕಳನ್ನು ನಾವು ಎಣಿಸಿ ನೋಡಿದ್ದೇವೆಯೇ?

ಉಳಿದುದು ನೆರೆಹೊರೆ. ಯಾವ ಕಸವನ್ನು ಯಾವ ದಿನ, ಹೇಗೆ ಬೇರ್ಪಡಿಸಿ ಇಡಬೇಕೆಂಬ ಪಟ್ಟಿ ಪ್ರತಿ ಊರಿನಲ್ಲಿಯೂ ಉಂಟು. ಅದನ್ನು ತಪ್ಪಿದವನ ಬಗ್ಗೆ ಬೀದಿಯವರು ಜಗಳವಾಡುವುದಿಲ್ಲ, ಸುಮ್ಮನಾಗುತ್ತಾರೆ. ಹೊಸಬನಿಗೆ ಜಗಳಕ್ಕಿಂತ ಈ ಮೌನವೇ ಕಠಿಣ. ಮಾಗಡಿಯಲ್ಲಿ ರಂಗನಾಥನ ತೇರನ್ನು ಎಳೆಯುವಂತೆ ಅಲ್ಲಿ ‘ಮಿಕೋಶಿ’ ಎಂಬ ದೇವರ ಪಲ್ಲಕ್ಕಿಯನ್ನು ಊರವರು ಹೆಗಲ ಮೇಲೆ ಹೊರುತ್ತಾರೆ. ಒಮ್ಮೆ ಅದಕ್ಕೆ ಹೆಗಲು ಕೊಟ್ಟವನ ಹೆಸರು ಬೀದಿಗೆ ತಿಳಿಯುತ್ತದೆ.

ಹೊಸಬನು ಕಲಿಯಬೇಕಾದುದು ಇಷ್ಟಾದರೆ, ಮನೆಯವರು ಕಲಿತುದೂ ಒಂದುಂಟು. 1995ರ ಜನವರಿ 17ರಂದು ಕೋಬೆ ನಗರದ ಸುತ್ತ ಭೂಕಂಪವಾಗಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಎಲ್ಲಿ ನೀರು ಸಿಗುತ್ತದೆ, ಎಲ್ಲಿಗೆ ಓಡಬೇಕು ಎಂದು ಸಾರುತ್ತಿದ್ದ ಪ್ರಕಟಣೆಗಳು ಅಲ್ಲಿದ್ದ ಪರದೇಶಿಗಳಲ್ಲಿ ಅನೇಕರಿಗೆ ಅರ್ಥವಾಗಲಿಲ್ಲ. ಎಲ್ಲ ಭಾಷೆಗಳಿಗೂ ಅನುವಾದಿಸುವಷ್ಟು ವ್ಯವಧಾನ ಅಂಥ ಹೊತ್ತಿನಲ್ಲಿ ಇರುವುದಿಲ್ಲ. ಆಗ ಹಿರೋಸಾಕಿ ವಿಶ್ವವಿದ್ಯಾನಿಲಯದ ಭಾಷಾತಜ್ಞರೂ ಅವರ ಸಂಗಡಿಗರೂ ‘ಯಾಸಾಶೀ ನಿಹೊಂಗೋ’, ಎಂದರೆ ಸುಲಭ ಜಪಾನೀ ಎಂಬುದನ್ನು ರೂಪಿಸಿದರು. ಗಟ್ಟಿಯಾದ ಪದಗಳನ್ನು ಬಿಟ್ಟು, ಚಿಕ್ಕ ವಾಕ್ಯಗಳಲ್ಲಿ, ಎಳೆಯ ಮಗುವೂ ಬಲ್ಲ ಮಾತುಗಳಲ್ಲಿ ಹೇಳುವ ಕ್ರಮವಿದು. ‘ಯಾಸಾಶೀ’ ಎಂಬ ಪದಕ್ಕೆ ‘ಸುಲಭ’ ಎಂಬುದಲ್ಲದೆ ‘ದಯೆಯುಳ್ಳ’ ಎಂಬ ಅರ್ಥವೂ ಇದೆ. 2024ರ ಹೊಸ ವರ್ಷದ ದಿನ ನೋತೋ ಪರ್ಯಾಯ ದ್ವೀಪದಲ್ಲಿ ನೆಲ ನಡುಗಿ ಸಮುದ್ರವೇರುವ ಭಯ ಉಂಟಾದಾಗ, ದೂರದರ್ಶನದ ತೆರೆಯ ಮೇಲೆ ಕಾಂಜಿಯಿಲ್ಲದ ದೊಡ್ಡ ಅಕ್ಷರಗಳು ಮೂಡಿದವು: ‘ತ್ಸುನಾಮಿ! ನಿಗೆತೆ!’ ಸುನಾಮಿ ಬರುತ್ತಿದೆ, ಓಡಿ, ಎಂದು.