ಮಾತ್ರೆಯಿಂದ ಏರಿದ ಸಕ್ಕರೆ: ಭಯ ಬೇಡ, ಅಸಡ್ಡೆಯೂ ಬೇಡ



ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಕೀಲುಗಳ ಊತದಿಂದ ನರಳುತ್ತಿದ್ದ ತಾಯಿಗೆ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ನೋವು ತಗ್ಗಿತು. ಆದರೆ ಕೆಲವು ವಾರಗಳಲ್ಲಿ ವಿಪರೀತ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು ಶುರುವಾಯಿತು. ಪರೀಕ್ಷಿಸಿದರೆ ರಕ್ತದಲ್ಲಿ ಸಕ್ಕರೆ 280! "ಅಮ್ಮ ಕದ್ದು ಸಿಹಿ ತಿಂದಿರಬೇಕು" ಎಂದರು ಮಕ್ಕಳು. "ಯಾವ ಪಾಪಕ್ಕೆ ಈ ಶಿಕ್ಷೆಯೋ" ಎಂದು ಕೊರಗಿದ ತಾಯಿ, ಮರುದಿನ ಮಾತ್ರೆಯನ್ನೇ ನಿಲ್ಲಿಸಿದರು.

ಇಲ್ಲಿ ಎಲ್ಲರೂ ಎಡವಿದ್ದಾರೆ. ಇದು ತಾಯಿಯ ತಪ್ಪಲ್ಲ, ದೇವರ ಶಿಕ್ಷೆಯೂ ಅಲ್ಲ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಯೇಸುಸ್ವಾಮಿ ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು (ಯೊವಾನ್ನ 9).

ಏಕೆ ಹೀಗಾಗುತ್ತದೆ?

ಸ್ಟೀರಾಯ್ಡ್ ಸೇವಿಸಿದಾಗ ಯಕೃತ್ತು ಹೆಚ್ಚು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ನುಂಗಿದ ಮಾತ್ರೆಯ ಪ್ರಭಾವ ಮಧ್ಯಾಹ್ನದಿಂದ ಸಂಜೆಯವರೆಗೆ ಹೆಚ್ಚು. ಆದ್ದರಿಂದ ಬೆಳಗಿನ ಖಾಲಿ ಹೊಟ್ಟೆಯ ಪರೀಕ್ಷೆ ಸರಿಯಾಗಿಯೇ ಕಾಣಬಹುದು. ಮಧ್ಯಾಹ್ನದ ಊಟವಾದ ಎರಡು ಗಂಟೆಯ ನಂತರವೂ ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಕೇಳಿರಿ.

ನಾವು ಮಾಡಬೇಕಾದುದು

1. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವಾರಗಟ್ಟಲೆ ಸ್ಟೀರಾಯ್ಡ್ ಸೇವಿಸಿದವರಲ್ಲಿ ದೇಹವು ತಾನೇ ತಯಾರಿಸುವ ಅಂಥದೇ ಹಾರ್ಮೋನು ಕುಗ್ಗಿರುತ್ತದೆ. ಥಟ್ಟನೆ ಬಿಟ್ಟರೆ ತೀವ್ರ ನಿಶ್ಶಕ್ತಿ, ವಾಂತಿ, ರಕ್ತದೊತ್ತಡದ ಕುಸಿತ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ವೈದ್ಯರ ಕೆಲಸ.

2. ಸಕ್ಕರೆಯ ಅಳತೆಯನ್ನು ದಿನಾಂಕ, ಸಮಯದೊಡನೆ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ಸ್ಟೀರಾಯ್ಡ್ ಇಳಿದಂತೆ ಸಕ್ಕರೆಯೂ ಇಳಿಯುತ್ತದೆ. ಆಗ ಸಕ್ಕರೆಯ ಔಷಧಿಯನ್ನೂ ಕಡಿಮೆ ಮಾಡಬೇಕಾಗಬಹುದು. ಬೆವರು, ನಡುಕ ಬಂದು ಅಳತೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿರಿ.

3. ತಟ್ಟೆಯಲ್ಲಿ ಅನ್ನ ಕಡಿಮೆಯಾಗಲಿ. ಪಲ್ಯ, ಸೊಪ್ಪು, ಕಾಳು ಹೆಚ್ಚಲಿ. ಬೆಲ್ಲವೂ ಸಕ್ಕರೆಯೇ ಎಂಬುದು ನೆನಪಿರಲಿ. ಹಣ್ಣಿನ ರಸ, ತಂಪು ಪಾನೀಯ ಬೇಡ. ಸಾಧ್ಯವಿದ್ದರೆ ಊಟದ ನಂತರ ಸ್ವಲ್ಪ ನಡೆಯಿರಿ.

4. ಸಕ್ಕರೆ ಏರಿರುವಾಗ ವಾಂತಿ, ಮಂಪರು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಉಪವಾಸದ ಪ್ರಶ್ನೆ

ವಿಭೂತಿ ಬುಧವಾರ, ಶುಭ ಶುಕ್ರವಾರಗಳಂದು ಉಪವಾಸ ಬಿಟ್ಟರೆ ಪಾಪವೇ ಎಂದು ಇಂಥವರು ಅಳುಕುವುದುಂಟು. ಅಳುಕಬೇಕಾಗಿಲ್ಲ, ಕಾಯಿಲೆಯವರನ್ನು ಉಪವಾಸದ ನಿಯಮ ಕಟ್ಟಿಹಾಕುವುದಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವೂ ನೀರು ಮತ್ತು ಔಷಧಿಯಿಂದ ಮುರಿಯುವುದಿಲ್ಲ. ವೃದ್ಧರು, ರೋಗಿಗಳು, ಅವರ ಆರೈಕೆ ಮಾಡುವವರು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ (ವಿಧಿ 919). ಇಷ್ಟದ ಸಿಹಿಯನ್ನು ಪ್ರತಿದಿನ ಬಿಡುವುದೂ ಸಣ್ಣ ತಪಸ್ಸೇನಲ್ಲ.

ಪ್ರಾರ್ಥನೆಯೂ ಔಷಧಿಯೂ ಎದುರಾಳಿಗಳಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯರನ್ನು ಗೌರವಿಸಲು ಕಲಿಸುತ್ತದೆ; ರೋಗಿಯು ಪ್ರಾರ್ಥಿಸಬೇಕು, ವೈದ್ಯರಿಗೂ ಸ್ಥಾನ ಕೊಡಬೇಕು ಎಂಬುದು ಅದರ ಬೋಧನೆ. ಈ ವಾರ ಮನೆಮಂದಿಯೆಲ್ಲ ಕುಳಿತು ಅದನ್ನು ಓದಿರಿ.

ಕುಟುಂಬದಲ್ಲಿ ಚಿಂತಿಸಲು

* ನಮ್ಮ ಮನೆಯ ರೋಗಿಯನ್ನು ನಾವು ಗದರಿಸುತ್ತೇವೆಯೋ, ಜೊತೆಗಿರುತ್ತೇವೆಯೋ?
* ಅವರಿಗೊಂದು, ನಮಗೊಂದು ಅಡುಗೆ ಏಕೆ? ಎಲ್ಲರೂ ಅದನ್ನೇ ಉಣ್ಣಬಾರದೇ?
* ಮುಂದಿನ ಬಾರಿ ಅವರೊಡನೆ ವೈದ್ಯರ ಬಳಿಗೆ ಹೋಗುವವರು ಯಾರು?