ಒಂದು ಸೀಸದಕಡ್ಡಿಯ ಚಿತ್ರ

ಡ್ರಾಯಿಂಗ್ ತರಗತಿಯಲ್ಲಿ ಸೀಸದಕಡ್ಡಿಯಿಂದ ಬರೆದ ಮೊದಲ ಗೆರೆಗಳನ್ನು ರಬ್ಬರಿನಿಂದ ತಿಕ್ಕಿ ಅಳಿಸಿ, ಬಣ್ಣವಿಟ್ಟ ಹಾಳೆಯನ್ನು ಮಾತ್ರ ಮನೆಗೆ ಕೊಂಡೊಯ್ದವರೇ ನಾವೆಲ್ಲರೂ. ಆ ಗೆರೆಗಳಿಗೂ ಅರ್ಥವುಂಟೆಂಬುದನ್ನು ಆಂಗ್ಲ ಚಿತ್ರಕಾರನಾದ ಜಾನ್ ಕಾನ್‌ಸ್ಟೇಬಲನ (೧೭೭೬–೧೮೩೭) ಒಂದು ಪುಟದಿಂದ ತಿಳಿಯಬಹುದು.

೧೮೧೪ನೆಯ ಇಸವಿಯಲ್ಲಿ ಅವನು ಜೇಬಿನಲ್ಲಿಟ್ಟುಕೊಂಡು ತಿರುಗಿದ ಪುಸ್ತಕವು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಪುಟದ ಎತ್ತರ ಸುಮಾರು ೩ ಅಂಗುಲ, ಅಗಲ ಸುಮಾರು ೪ ಅಂಗುಲ. ಅಷ್ಟರಲ್ಲಿಯೇ ಸಫೊಕ್, ಎಸೆಕ್ಸ್ ಪ್ರಾಂತಗಳ ನಡುವೆ ಹರಿಯುವ ಸ್ಟೌರ್ ನದಿ, ಸರಕಿನ ದೋಣಿಗಳು, ಕಾಲುಸೇತುವೆ.

ಇಂಥ ಚಿತ್ರದ ಮುಂದೆ ನಿಂತಾಗ ಕೇಳತಕ್ಕ ಪ್ರಶ್ನೆ ಒಂದೇ: ಚಿತ್ರಕಾರನು ಏನನ್ನು ಮರೆಯಲೊಲ್ಲದೆ ಬರೆದುಕೊಂಡನು? ಸೀಸದಕಡ್ಡಿಯನ್ನು ಒತ್ತಿದಲ್ಲಿ ವಸ್ತುವು ಸಮೀಪಕ್ಕೆ ಬರುವುದು, ತೇಲಿಸಿದಲ್ಲಿ ದೂರ ಸರಿಯುವುದು; ಬರಿಯ ಕಾಗದವೇ ನೀರೂ ಆಕಾಶವೂ ಆಗುವುದು. ಅಂಗೈಯಗಲದ ಪುಟದಲ್ಲಿ ಎಲ್ಲಕ್ಕೂ ಸ್ಥಳವಿಲ್ಲ.

ಆ ವರ್ಷಗಳಲ್ಲಿ ಅವನಿಗೆ ಮರಾಯಾ ಬಿಕ್‌ನೆಲ್ ಎಂಬಾಕೆಯಲ್ಲಿ ಅನುರಾಗವಿದ್ದಿತು. ಅವನ ಊರಾದ ಈಸ್ಟ್ ಬರ್ಗೋಲ್ಟಿನ ಸಭಾಪಾಲಕನೇ ಆಕೆಯ ಅಜ್ಜನು, ಅವನು ಸಮ್ಮತಿಸಲಿಲ್ಲ. ಮದುವೆಗೆ ೧೮೧೬ರವರೆಗೂ ಕಾಯಬೇಕಾಯಿತು. ಆದುದರಿಂದ ಆ ಪುಟದಲ್ಲಿ ವಿರಹವನ್ನು ಕಾಣುವ ಆಶೆಯು ಯಾರಿಗಾದರೂ ಹುಟ್ಟೀತು. ನನಗೇನೋ ಅದು ಒಪ್ಪದು. ಅವನ ತಂದೆಯು ಆ ನದಿಯ ಫ್ಲಾಟ್‌ಫರ್ಡ್ ಗಿರಣಿಯ ಒಡೆಯನು; ಅಂಥ ದೋಣಿಗಳನ್ನು ನಂಬಿಯೇ ಮನೆಯ ವ್ಯಾಪಾರವು ನಡೆದಿತ್ತು. ತಾನೂ ಕೆಲಕಾಲ ಗಿರಣಿಯಲ್ಲಿ ದುಡಿದವನು. ದೋಣಿಯು ಎಲ್ಲಿ ನಿಲ್ಲುವುದು, ಸೇತುವೆಯು ದಡವನ್ನು ಎಲ್ಲಿ ಹಿಡಿಯುವುದು ಎಂಬುದನ್ನು ಬಲ್ಲವನ ಗೆರೆಗಳಿವು. ಮನಸ್ಸಿನಲ್ಲಿ ದುಃಖವಿದ್ದಿರಬಹುದು, ಕೈ ಮಾತ್ರ ಲೆಕ್ಕ ತಪ್ಪಲಿಲ್ಲ.

ಎಂಟು ವರ್ಷಗಳ ತರುವಾಯ, ೧೮೨೨ರಲ್ಲಿ, ಈ ಪುಟದಿಂದಲೇ ಸುಮಾರು ೬ ಅಡಿ ಅಗಲದ ವರ್ಣಚಿತ್ರವು ಹುಟ್ಟಿತು. ಅದನ್ನು ಬರೆಯುತ್ತಿದ್ದಾಗ ಅವನು ಮಿತ್ರನಾದ ಜಾನ್ ಫಿಷರನಿಗೆ ಕಾಗದ ಹಾಕಿ, ಹಾಯಿಯನ್ನು ತೆಗೆದೆನೆಂದೂ, ನಡುವೆ ಇನ್ನೊಂದು ದೋಣಿಯನ್ನು ಸೇರಿಸಿದೆನೆಂದೂ, ಮರಗಳ ಗುಂಪನ್ನು ಬದಲಿಸಿ ಸೇತುವೆಯನ್ನು ಪೂರ್ತಿಮಾಡಿದೆನೆಂದೂ ತಿಳಿಸಿದನು. ಹಳೆಯ ಪುಟವು ಅವನನ್ನು ಕಟ್ಟಿಹಾಕಲಿಲ್ಲ. ನೆನಪು ಗಟ್ಟಿಯಾಗಿದ್ದುದರಿಂದಲೇ ಬದಲಿಸುವ ಧೈರ್ಯವು ಬಂದಿತೆಂದು ನನ್ನ ಎಣಿಕೆ. ೧೮೨೪ರಲ್ಲಿ ಆ ವರ್ಣಚಿತ್ರವು ಪ್ಯಾರಿಸಿನ ಪ್ರದರ್ಶನಕ್ಕೆ ಹೋಯಿತು. ಅಲ್ಲಿ ಅವನಿಗೆ ಸುವರ್ಣಪದಕವು ದೊರೆಯಿತು.

ಚಿಕ್ಕ ಪುಸ್ತಕವನ್ನು ಮನೆಯಲ್ಲಿ ಯಾರೂ ಕಸವೆಂದು ಎಸೆಯಲಿಲ್ಲ. ತಂದೆಯು ಕಾಲವಾದ ೫೧ ವರ್ಷಗಳ ಮೇಲೆ, ೧೮೮೮ರಲ್ಲಿ, ಮಗಳಾದ ಇಸಬೆಲ್ ಅದನ್ನು ಆ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದಳು.