ಟವರ್ ಸ್ಪೀಕರ್ ಕೊಳ್ಳುವ ಮುನ್ನ ಕೋಣೆಯನ್ನು ಕೇಳಿ

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ತಾರಸಿ ಕೋಣೆಗೆ ತನ್ನದೇ ಒಂದು ಶ್ರುತಿ ಇರುತ್ತದೆ. ಲೆಕ್ಕ ಸುಲಭ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ 56 ಹರ್ಟ್ಸ್ ಸಿಗುತ್ತದೆ. ಮೂರು ಅಳತೆಯೂ ಒಂದೇ ಆದಾಗ ಮೂರು ದಿಕ್ಕಿನ ಅನುರಣನವೂ ಅದೇ ಸ್ವರದ ಮೇಲೆ ಬಂದು ಕೂರುತ್ತದೆ. ಅಂಥ ಕೋಣೆಯಲ್ಲಿ 56ರ ಆಸುಪಾಸಿನ ಸ್ವರ ಯಾವ ಸ್ಪೀಕರಿನಿಂದ ಹೊರಟರೂ ಬೇಕಾದ್ದಕ್ಕಿಂತ ಜೋರಾಗಿ ಮೊಳಗುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರುಗಳು, ಅಂಗಡಿಯವರು ಟವರ್ ಎಂದು ಕರೆಯುವಂಥವು, ಸಾಮಾನ್ಯವಾಗಿ 40 ಹರ್ಟ್ಸ್‌ನ ಸುತ್ತಮುತ್ತ ಇಳಿಯುತ್ತವೆ, ದೊಡ್ಡವು ಇನ್ನೂ ಕೆಳಕ್ಕೆ. ಆ ಶಕ್ತಿಗಾಗಿಯೇ ಜನ ಅವಕ್ಕೆ ಹೆಚ್ಚು ದುಡ್ಡು ಕೊಡುತ್ತಾರೆ. ಕೋಣೆ ಒಗ್ಗದಿದ್ದರೆ ಅದೇ ಶಕ್ತಿ ಹಾಡನ್ನು ಮುಚ್ಚಿಹಾಕುತ್ತದೆ.

ಇದು ನನಗೆ ಮನದಟ್ಟಾದದ್ದು ಒಂದೇ ಜೋಡಿ ಸ್ಪೀಕರನ್ನು ಎರಡು ಮನೆಗಳಲ್ಲಿ ಕೇಳಿದ ಮೇಲೆ.

ಶಿರಸಿ ಸೀಮೆಯ ನನ್ನ ಸೋದರಮಾವ ಚಿಕ್ಕಂದಿನಿಂದ ಮೃದಂಗ ನುಡಿಸಿದವರು. ಅವರ ಹೆಂಚಿನ ಮನೆಯ ಜಗಲಿಗೆ ತಾಗಿದ ನಡುಮನೆಯಲ್ಲಿ ಎದೆಮಟ್ಟದ ಎರಡು ಟವರ್ ಸ್ಪೀಕರುಗಳಿದ್ದವು. ಮೇಲೆ ಮರದ ಅಟ್ಟ, ಅದರ ಮೇಲೆ ಇಳಿಜಾರು ಮಾಡು, ಹೆಂಚುಗಳ ನಡುವೆ ಸಂದು, ಹಗಲೆಲ್ಲ ತೆರೆದ ಬಾಗಿಲು. ಅಲ್ಲಿ ಕಛೇರಿಯ ಧ್ವನಿಮುದ್ರಣ ಹಾಕಿದರೆ ತನಿಯಾವರ್ತನದ ಒಂದೊಂದು ಸೊಲ್ಲೂ ಬೇರೆಬೇರೆಯಾಗಿ ಕೇಳುತ್ತಿತ್ತು. ಮಗನ ಜತೆ ಇರಲು ಮಾವ ಬೆಂಗಳೂರಿನ ಫ್ಲ್ಯಾಟಿಗೆ ಬಂದಾಗ ಸ್ಪೀಕರೂ ಬಂದವು. ಟಿವಿ ಯೂನಿಟ್‌ನ ಎರಡು ಬದಿಗೆ ಗೋಡೆಗೆ ಒತ್ತಿ ಅವನ್ನು ನಿಲ್ಲಿಸಿದರು. ಸೋಫಾ ಎದುರು ಗೋಡೆಗೆ ಆತುಕೊಂಡಿತ್ತು. ನೆಲಕ್ಕೆ ನುಣುಪು ಟೈಲ್ಸ್, ಬರಿಗೋಡೆ, ಕಾಂಕ್ರೀಟ್ ಸೂರು. ಅದೇ ಆಂಪ್ಲಿಫೈಯರ್, ಅದೇ ಡಿಸ್ಕ್. ಸ್ವಲ್ಪ ಹೊತ್ತು ಕೇಳಿ ಮಾವ ನನ್ನತ್ತ ತಿರುಗಿ, ‘ಎಡಗೈ ಒಂದೇ ಕೇಳ್ತು ತಮಾ. ಬಲಗೈ ಎಲ್ಲಿ ಹೋತು?’ ಎಂದರು.

ಯಾವ ಅಳತೆಯ ಯಂತ್ರವೂ ಇದಕ್ಕಿಂತ ಚೊಕ್ಕವಾಗಿ ದೋಷ ಹೇಳಲಾರದು. ಮೃದಂಗದ ಎಡಭಾಗಕ್ಕೆ ರವೆಯ ಹಿಟ್ಟು ಮೆತ್ತಿ ನಾದವನ್ನು ತಗ್ಗಿಸುತ್ತಾರೆ. ಬಲಭಾಗ ಷಡ್ಜಕ್ಕೆ ಕೂಡಿ ಕಂಚಿನಂತೆ ನಿಖರವಾಗಿ ನುಡಿಯಬೇಕು. ತಗ್ಗಿನ ನಾದ ಅತಿಯಾದರೆ ಅದಕ್ಕಿಂತ ಮೇಲಿನ ಸ್ವರಗಳು ಕಿವಿಗೆ ಬೀಳದಂತೆ ಮರೆಯಾಗುತ್ತವೆ. ಇದು ನಮ್ಮ ಶ್ರವಣೇಂದ್ರಿಯದ ಗುಣ. ಹೆಂಚಿನ ಮನೆಯಲ್ಲಿ ಮಂದ್ರ ನಾದದ ಒಂದಷ್ಟು ಭಾಗ ಸಂದುಗೊಂದುಗಳಿಂದ ಹೊರಗೆ ಹೋಗಿಬಿಡುತ್ತಿತ್ತು. ಕಾಂಕ್ರೀಟ್ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ, ತಿರುಗಿ ತಿರುಗಿ ಕೋಣೆಗೇ ಬರುತ್ತದೆ. ಗೋಡೆಗೆ ಒತ್ತಿಕೊಂಡ ಸ್ಪೀಕರ್ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ, ಗೋಡೆಗೆ ಒರಗಿ ಕೂತ ಕೇಳುಗ ಮತ್ತಷ್ಟು ಹೆಚ್ಚು ಕೇಳಿಸಿಕೊಳ್ಳುತ್ತಾನೆ.

ಹೊಸದೇನನ್ನೂ ಕೊಳ್ಳದೆ ನಾವು ಅದನ್ನು ಬಹಳಮಟ್ಟಿಗೆ ಸರಿಪಡಿಸಿದೆವು. ಸೋಫಾವನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೆದೆವು. ಸ್ಪೀಕರುಗಳನ್ನೂ ಮುಂದಕ್ಕೆ ತಂದೆವು, ಆದರೆ ಎಷ್ಟು ತರಬೇಕೆಂಬುದರಲ್ಲಿ ಒಂದು ಸೂಕ್ಷ್ಮವಿದೆ. ಸ್ಪೀಕರಿನ ಹಿಂದಿನ ಗೋಡೆಗೆ ಬಡಿದು ಮರಳುವ ನಾದ ನೇರ ಬರುವ ನಾದಕ್ಕೆ ಎದುರಾಗಿ, ಒಂದು ಸ್ವರವನ್ನು ಕುಗ್ಗಿಸುತ್ತದೆ. ಗೋಡೆಗೂ ಮಂದ್ರ ನುಡಿಸುವ ವೂಫರಿಗೂ ಎರಡಡಿ ದೂರವಿದ್ದರೆ ಆ ಕುಗ್ಗು 140 ಹರ್ಟ್ಸ್ ಹತ್ತಿರ ಬೀಳುತ್ತದೆ. ಗಂಡಸರ ಹಾಡಿಕೆಯ ಆಧಾರ ಷಡ್ಜ ಇರುವುದು ಅಲ್ಲೇ ಸುತ್ತಮುತ್ತ. ಮೂರಡಿ ದೂರಕ್ಕೆ ತಂದರೆ ಅದು 94ಕ್ಕೆ ಇಳಿಯುತ್ತದೆ. ಹೀಗಾಗಿ ಗೇಣು ಗೇಣಾಗಿ ಸರಿಸುತ್ತ, ಪ್ರತಿ ಸಲವೂ ಅದೇ ಹಾಡು ಕೇಳುತ್ತ ಹೋಗಬೇಕು. ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ಸರಿಸಲು, ಒಬ್ಬರು ಕೂತು ಕೇಳಲು. ಸ್ಪೀಕರಿನ ಹಿಂಬದಿಯಲ್ಲಿ ಬೇಸ್ ಹೊರಬರುವ ಪೋರ್ಟಿನ ರಂಧ್ರಕ್ಕೆ ಸುತ್ತಿದ ಕಾಲುಚೀಲ ತುರುಕಿದ್ದು ಇನ್ನಷ್ಟು ನೆರವಾಯಿತು. ಗೋಡೆಗೆ ಹಳೆಯ ಕೌದಿ ತೂಗುಹಾಕಿದೆವು, ನೆಲಕ್ಕೆ ಜಮಖಾನ ಹಾಸಿದೆವು. ಚಪ್ಪಾಳೆ ತಟ್ಟಿದರೆ ಝಣಝಣ ಎನ್ನುತ್ತಿದ್ದ ಕೋಣೆ ಶಾಂತವಾಯಿತು. ಆದರೆ ಕೌದಿ, ಪರದೆ, ಜಮಖಾನಗಳು ಪಳಗಿಸುವುದು ಮೇಲಿನ ಸ್ವರಗಳ ಪ್ರತಿಧ್ವನಿಯನ್ನು ಮಾತ್ರ. 56 ಹರ್ಟ್ಸ್‌ನ ಅಲೆಯ ಉದ್ದ ಇಪ್ಪತ್ತು ಅಡಿ. ತೆಳುಬಟ್ಟೆ ಅದನ್ನು ತಡೆಯದು. ಅದಕ್ಕೆ ಮದ್ದು ಜಾಗ ಬದಲಿಸುವುದು, ಇಲ್ಲವೇ ಅಷ್ಟು ಬೇಸ್ ಹೊರಡಿಸದ ಸ್ಪೀಕರನ್ನೇ ಆರಿಸುವುದು.

ಆ ಎರಡನೆಯ ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಹತ್ತಡಿಗೆ ಹನ್ನೆರಡಡಿಯ, ನಾಲ್ಕೂ ಕಡೆ ಮುಚ್ಚಿದ ಕೋಣೆಗೆ ಒಳ್ಳೆಯ ಸ್ಟ್ಯಾಂಡಿನ ಮೇಲಿಟ್ಟ ಸಣ್ಣ ಬುಕ್‌ಶೆಲ್ಫ್ ಸ್ಪೀಕರೇ ಸಾಕು, ಬಹಳ ಸಲ ಅದೇ ಲೇಸು. ಊಟದ ಜಾಗಕ್ಕೆ, ಅಡುಗೆಮನೆಗೆ ತೆರೆದುಕೊಂಡ ದೊಡ್ಡ ಹಾಲ್ ಇದ್ದವರು, ಹೆಂಚಿನ ಮನೆಯವರು ಟವರ್ ಬಗ್ಗೆ ಧೈರ್ಯವಾಗಿ ಯೋಚಿಸಬಹುದು.

ಹಾಗಾದರೆ ಎತ್ತರದ ಪೆಟ್ಟಿಗೆಯಿಂದ ನಿಜಕ್ಕೂ ಬರುವ ಲಾಭವೇನು? ಅಮೆರಿಕದ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಹಾಫ್‌ಮನ್ ಹೆಸರಿನಲ್ಲಿ ಒಂದು ನಿಯಮವಿದೆ. ಪುಟ್ಟ ಪೆಟ್ಟಿಗೆ, ಆಳವಾದ ಬೇಸ್, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಧ್ವನಿ, ಈ ಮೂರರಲ್ಲಿ ಎರಡು ಮಾತ್ರ ಒಟ್ಟಿಗೆ ಸಿಗುತ್ತವೆ. 1954ರಲ್ಲಿ ಎಡ್ಗರ್ ವಿಲ್ಚರ್ ಅಕೂಸ್ಟಿಕ್ ರಿಸರ್ಚ್ ಕಂಪನಿಯ ಎಆರ್-1 ಸ್ಪೀಕರಿನಲ್ಲಿ, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದ ಆಳವಾದ ಬೇಸ್ ಹೊರಡಿಸಿ ತೋರಿಸಿದರು. ಬದಲಿಗೆ ಅದಕ್ಕೆ ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ಬೇಕಾಯಿತು. ಪಾಲ್ ಕ್ಲಿಪ್ಶ್ 1946ರಲ್ಲಿ ಮಾರುಕಟ್ಟೆಗೆ ತಂದ ಕ್ಲಿಪ್ಶ್‌ಹಾರ್ನ್ ಇದಕ್ಕೆ ವಿರುದ್ಧ ದಾರಿಯದು. ಅದು ಕೋಣೆಯ ಮೂಲೆಯನ್ನೇ ತನ್ನ ಕೊಂಬಿನ ಮುಂದುವರಿಕೆಯಾಗಿ ಬಳಸುತ್ತದೆ, ಕೆಲವೇ ವ್ಯಾಟ್‌ಗೆ ಮನೆ ತುಂಬುತ್ತದೆ, ಗಾತ್ರ ಮಾತ್ರ ಬೀರುವಿನದು. ಇಂದಿನ ಟವರ್‌ಗಳು ಇವೆರಡರ ನಡುವೆ ಬರುತ್ತವೆ. ಅವು ಆಳಕ್ಕೂ ಇಳಿಯುತ್ತವೆ, ತಕ್ಕಮಟ್ಟಿಗೆ ಸುಲಭವಾಗಿಯೂ ನುಡಿಯುತ್ತವೆ. ಎತ್ತರವಿದ್ದರೂ ನೆಲದಲ್ಲಿ ಅವು ಹಿಡಿಯುವ ಜಾಗ ಸ್ಟ್ಯಾಂಡಿನ ಮೇಲಿನ ಸಣ್ಣ ಸ್ಪೀಕರಿನಷ್ಟೇ.

ಸುಲಭವಾಗಿ ನುಡಿಯುವುದರ ಬೆಲೆ ತಿಳಿಯುವುದು ಯಕ್ಷಗಾನದ ಚಂಡೆ ಕೇಳುವಾಗ. ಭಾಗವತರ ಪದ್ಯ, ಮದ್ದಳೆ ಹದವಾದ ಧ್ವನಿಯಲ್ಲಿ ಸಾಗುತ್ತಿರುವಾಗ ಚಂಡೆಯ ಪೆಟ್ಟು ಒಮ್ಮೆಲೇ ಏರುತ್ತದೆ. ಧ್ವನಿ 10 ಡೆಸಿಬೆಲ್ ಏರಬೇಕಾದರೆ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಕೊಡಬೇಕು. ಸಣ್ಣ ಸ್ಪೀಕರ್ ಅಲ್ಲಿ ಮುದುಡುತ್ತದೆ, ಪೆಟ್ಟಿನ ಚೂಪು ಮಾಸುತ್ತದೆ. ದೊಡ್ಡ ಜೋಡಿ ನಿರಾಯಾಸವಾಗಿ ಹೊರುತ್ತದೆ. ಸ್ಪೀಕರಿನ ವಿವರದ ಕಾಗದದಲ್ಲಿ ‘ಸೆನ್ಸಿಟಿವಿಟಿ’ ಎಂದು ಬರೆದಿರುವ ಅಂಕಿಯನ್ನು ಇದಕ್ಕಾಗಿ ನೋಡಬೇಕು. 86 ಡೆಸಿಬೆಲ್‌ನ ಸ್ಪೀಕರಿಗೆ 92ರದ್ದಕ್ಕಿಂತ ನಾಲ್ಕು ಪಟ್ಟು ವ್ಯಾಟ್ ಬೇಕು. ಓಮ್ ಅಂಕಿ 4 ಇದ್ದರೆ ನಿಮ್ಮ ಆಂಪ್ಲಿಫೈಯರ್ ಅದನ್ನು ತಾಳುತ್ತದೆಯೇ ಎಂದು ಕೇಳಿ. ‘300 ವ್ಯಾಟ್’ ಎಂಬ ದೊಡ್ಡಕ್ಷರಕ್ಕೆ ಮರುಳಾಗಬೇಡಿ. ಅದು ಸ್ಪೀಕರ್ ತಾಳುವ ಶಕ್ತಿ, ಅದರ ನಾದದ ಗುಣವಲ್ಲ.

ಆಳ ಎಷ್ಟು ಬೇಕೆಂಬುದು ಕೇಳುವ ಸಂಗೀತಕ್ಕೆ ಬಿಟ್ಟದ್ದು. ಹಾರ್ಮೋನಿಯಂನ ಬಿಳಿ ಒಂದರಲ್ಲಿ ಹಾಡುವ ಗಾಯಕರ ಷಡ್ಜ ಸುಮಾರು 131 ಹರ್ಟ್ಸ್, ಅವರ ತಂಬೂರಿಯ ಮಂದ್ರ ತಂತಿ ಅದರ ಅರ್ಧ, 65. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41. ಇಳಯರಾಜ ಸಂಗೀತ ಕೊಟ್ಟ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಬೇಸ್ ಗಿಟಾರಿನ ನಡಿಗೆ ಸಮೇತ ಕೇಳಬೇಕೆನ್ನುವವರಿಗೆ ಟವರ್ ಸಾರ್ಥಕ. 78 ಆರ್‌ಪಿಎಂ ತಟ್ಟೆಗಳಿಂದ ಬಂದ ಹಳೆಯ ಗಾಯನವನ್ನೇ ಹೆಚ್ಚು ಕೇಳುವವರಿಗೆ ಅದು ದಂಡ, ಏಕೆಂದರೆ ಆ ತಟ್ಟೆಗಳಲ್ಲಿ ಅಷ್ಟು ಆಳದ ನಾದ ಇಲ್ಲವೆನ್ನುವಷ್ಟು ಕಡಿಮೆ.

ತಂಬೂರಿಯನ್ನು ಇನ್ನೊಂದು ಕಾರಣಕ್ಕೆ ನಾನು ಮೊದಲ ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇನೆ. ಮಂದ್ರ ತಂತಿಯ ಮೂಲ ಸ್ವರ 65 ಹರ್ಟ್ಸನ್ನು ಹೊರಡಿಸಲಾಗದ ಸಣ್ಣ ರೇಡಿಯೋದಲ್ಲೂ ಅದು ಮಂದ್ರವಾಗಿಯೇ ಕೇಳುತ್ತದೆ. ಮೇಲಿನ ಅನುಸ್ವರಗಳಿಂದ ಮಿದುಳು ಕೆಳಗಿನದನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ ‘ಮಂದ್ರ ಕೇಳುತ್ತಿದೆ’ ಎಂದ ಮಾತ್ರಕ್ಕೆ ತೃಪ್ತರಾಗಬಾರದು. ತಂಬೂರಿಯ ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯಡಿ ಇಟ್ಟ ದಾರದಿಂದ ಹುಟ್ಟುವ ಆ ಝೇಂಕಾರ ಮೇಲಿನ ಸ್ವರಗಳಲ್ಲಿ ಬಿಚ್ಚಿಕೊಳ್ಳುತ್ತ ಹೋಗಬೇಕು. ಮೇಲಿನ ಸ್ವರ ನುಡಿಸುವ ಟ್ವೀಟರ್ ಕೆಟ್ಟದಿದ್ದರೆ ಅದನ್ನು ತಗಡಿನ ಸದ್ದು ಮಾಡುತ್ತದೆ. ಆಮೇಲೆ ದನಿ. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠ ಎದೆಯಿಂದ ಬರಬೇಕು, ಪೆಟ್ಟಿಗೆಯೊಳಗಿಂದ ಬಂದಂತೆ ಕೇಳಬಾರದು. ಮಲ್ಲಿಕಾರ್ಜುನ ಮನಸೂರರು ಉಸಿರು ಬಿಡದೆ ತಾನಿನಿಂದ ಬೋಲಿಗೆ ಜಿಗಿಯುವಾಗ ಒಂದೊಂದು ಅಕ್ಷರವೂ ತಿಳಿಯಬೇಕು. ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟಿನ ನಂತರ ನಾದ ಕರಗುವ ತನಕ ಹಿಂಬಾಲಿಸಲು ಆಗಬೇಕು. ಇಷ್ಟು ಸರಿಯಿದ್ದರೆ ಉಳಿದ ಬಹುಪಾಲು ತಾನಾಗಿ ಸರಿಯಿರುತ್ತದೆ.

ಅಂಗಡಿಯಲ್ಲಿ ಕೇಳುವಾಗ ಒಂದು ಎಚ್ಚರ ಬಹಳ ಮುಖ್ಯ. ಎರಡು ಜೋಡಿಗಳಲ್ಲಿ ಒಂದು ಎಳ್ಳಷ್ಟು ಜೋರಾಗಿದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ, ಜೋರಾಗಿದೆ ಎನ್ನುವುದಿಲ್ಲ. ಆದ್ದರಿಂದ ಎರಡರ ಧ್ವನಿಯನ್ನೂ ಸಮಮಾಡಿಸಿ. ಫೋನಿನಲ್ಲಿ ಉಚಿತವಾಗಿ ಸಿಗುವ ಡೆಸಿಬೆಲ್ ಮೀಟರ್ ಈ ಹೋಲಿಕೆಗೆ ಸಾಕು. ಕಣ್ಣೂ ಮೋಸ ಮಾಡುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಅಮೆರಿಕದ ಹರ್ಮನ್ ಕಂಪನಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಫ್ಲಾಯ್ಡ್ ಟೂಲ್, ಸಹೋದ್ಯೋಗಿ ಷಾನ್ ಆಲಿವ್ ಜತೆ 1994ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಸ್ಪೀಕರ್ ಕಣ್ಣಿಗೆ ಕಂಡಾಗ ಕೇಳುಗರು ಕೊಟ್ಟ ಅಂಕಗಳು ಪರದೆಯ ಹಿಂದೆ ಮರೆಮಾಡಿದಾಗ ಬದಲಾದವು. ಕಾಣದೆ ಕೇಳಿದಾಗ ಜನರ ಆಯ್ಕೆ ಅಚ್ಚರಿಯೆನಿಸುವಷ್ಟು ಒಂದೇ ಆಗಿರುತ್ತದೆ ಎಂಬುದು ಟೂಲ್ ಅವರ ಸಂಶೋಧನೆಯ ಸಾರ: ಎದುರಿಗೆ ಏರುಪೇರಿಲ್ಲದ ನಾದ, ಬದಿಗಳಿಗೂ ಅದೇ ಗುಣದ ನಾದ ಹೊರಡಿಸುವ ಸ್ಪೀಕರನ್ನು ಹೆಚ್ಚಿನವರು ಮೆಚ್ಚುತ್ತಾರೆ. ಬದಿಯ ನಾದವೇ ನಮ್ಮ ಬರಿಗೋಡೆಗಳಿಗೆ ಬಡಿದು ಕಿವಿಗೆ ಬರುವುದು. ಹಾಗಾಗಿ ಅಂಗಡಿಯಲ್ಲಿ ನಡುವಿನ ಕುರ್ಚಿಯಿಂದ ಎದ್ದು ಒಂದು ಬದಿಗೆ ಸರಿದು ನಿಂತೂ ಕೇಳಿ. ದನಿಯ ಬಣ್ಣ ಬದಲಾದರೆ ಅದು ಮನೆಯಲ್ಲಿ ಕಾಡುತ್ತದೆ.

ವೈರಿನ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. 2.5 ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದ ವೈರ್ ಹಾಲಿನ ದೂರಕ್ಕೆ ಧಾರಾಳ ಸಾಕು. ಉಳಿದ ಹಣ ಸ್ಪೀಕರಿಗೆ ಹೋಗಲಿ.

ನಮ್ಮ ಹವೆಯ ಮಾತು ಮಾತ್ರ ಮರೆಯಬಾರದು. ಅದುರುವ ಕೋನಿನ ಅಂಚಿಗೆ ಫೋಮ್ ಇರುವ ಹಳೆಯ ಸ್ಪೀಕರುಗಳಲ್ಲಿ ಹತ್ತು ಹದಿನೈದು ವರ್ಷಕ್ಕೆ ಆ ಫೋಮ್ ಪುಡಿಪುಡಿಯಾಗುತ್ತದೆ, ತೇವದ ಊರಲ್ಲಿ ಬೇಗ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮುಂದಿನ ಬಟ್ಟೆಯ ಜಾಲರಿ ತೆಗೆಸಿ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಬೇಕು. ರಬ್ಬರ್ ಅಂಚಾದರೆ ನಿಶ್ಚಿಂತೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾಗದದ ಕೋನಿಗೆ ಬೂಷ್ಟು ಬರುತ್ತದೆ, ನೆಲ ಒರೆಸುವ ನೀರು ತಾಗಿ ಪೆಟ್ಟಿಗೆಯ ಬುಡ ಉಬ್ಬುತ್ತದೆ. ಅಡಿಗೆ ಕಡಪ ಕಲ್ಲಿನ ಚಪ್ಪಡಿ ಇಟ್ಟರೆ ನೀರಿನಿಂದಲೂ ದೂರ, ನಿಲುವೂ ಭದ್ರ. ಮಕ್ಕಳಿರುವ ಮನೆಯಲ್ಲಿ ನಿಲುವು ಮೊದಲ ಚಿಂತೆಯಾಗಬೇಕು. ಇಪ್ಪತ್ತು ಕೆಜಿ ತೂಗುವ ಸಪೂರ ಪೆಟ್ಟಿಗೆ ಹಿಡಿದೆಳೆದರೆ ಮೇಲೆ ಬೀಳುತ್ತದೆ. ಅಗಲದ ಪಾದವಿಲ್ಲದ ಟವರನ್ನು ಅಂಥ ಮನೆಗೆ ತರಲೇಬೇಡಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಮುಂಗಡ ಕೊಡುವ ಮೊದಲೇ ಅಂಗಡಿಯವರನ್ನು ಕೇಳಿ: ‘ಒಂದೆರಡು ದಿನ ಮನೆಯಲ್ಲಿಟ್ಟು ಕೇಳಲು ಕೊಡುತ್ತೀರಾ?’ ಒಪ್ಪುವವರೂ ಇದ್ದಾರೆ, ಠೇವಣಿ ಇಟ್ಟುಕೊಂಡು ಕೊಡುವವರೂ ಇದ್ದಾರೆ. ಒಪ್ಪದಿದ್ದರೆ ಇನ್ನೊಂದು ಅಂಗಡಿಗೆ ಹೋಗಿ. ಮನೆಗೆ ತಂದ ದಿನ ನೆಂಟರಲ್ಲೋ ನೆರೆಯಲ್ಲೋ ಹಾಡುವವರು, ನುಡಿಸುವವರು ಇದ್ದರೆ ಅವರನ್ನು ಕರೆದು ಕೂರಿಸಿ, ಅವರ ಮಾತು ಕೇಳಿದ ಮೇಲೆ ದುಡ್ಡು ಕೊಡಿ.